ಪಿಎಚ್‌ಡಿ ಆಯ್ತು, ಈಗ ಪೋಸ್ಟ್‌ಡಾಕ್‌ಗೆ ಹೋಗಲಾ?

ಪ್ರಶ್ನೆ: ಮೇಡಂ, ನಾನು ಮಂಡ್ಯದವಳು, ವಯಸ್ಸು 34. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ್ದೇನೆ. ಮೊಳಕೆ ಬರಿಸಿದ ರಾಗಿಯಲ್ಲಿನ ಪಿಷ್ಟ ಹೇಗೆ ಜೀರ್ಣವಾಗುತ್ತದೆ ಎಂಬುದು ನನ್ನ ವಿಷಯ. ಪದವಿ ಬಂದು ಎರಡು ವರ್ಷ ಆಯ್ತು. ಮೂರು ಪೇಪರ್ ಇವೆ. ಈಗ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಗನಿಗೆ ಮೂರು ವರ್ಷ. ಯೂನಿವರ್ಸಿಟಿಗಳು ಪೋಸ್ಟ್‌ಡಾಕ್ (ಪಿಎಚ್‌ಡಿ ಆದವರು ಕೆಲವು ವರ್ಷ ಮಾಡುವ ಸಂಶೋಧನೆ) ಕೆಲಸ ಇದೆ ಅಂತ ಹಾಕುವ ಪ್ರಕಟಣೆಗಳಿಗೆಲ್ಲ ಅರ್ಜಿ ಕಳಿಸುತ್ತಿದ್ದೇನೆ. ಒಂದಕ್ಕೂ ಉತ್ತರ ಬರುತ್ತಿಲ್ಲ. ನನ್ನ ವಯಸ್ಸು ಮೀರಿತಾ? ಮೈಸೂರಿನಲ್ಲೇ ಮಾಡಬಹುದಾ, ಹೊರದೇಶಕ್ಕೇ ಹೋಗಬೇಕಾ? ಪೋಸ್ಟ್‌ಡಾಕ್ ಮಾಡಿದರೆ ಕಾಯಂ ಕೆಲಸ ಸಿಗುತ್ತದೆಯೇ?

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅದೇ ನಿಮ್ಮ ನಿದ್ದೆ ಕೆಡಿಸಿದೆ ಅನ್ನಿಸುತ್ತದೆ. ವಯಸ್ಸು ಮೀರಿಲ್ಲಮ್ಮ, ಧೈರ್ಯವಾಗಿರಿ.

ನಮ್ಮ ದೇಶದ ಫೆಲೋಶಿಪ್‌ಗಳು ಹೆಚ್ಚಾಗಿ ನೋಡುವುದು ಹುಟ್ಟಿದ ತಾರೀಖನ್ನು. ಹೊರದೇಶದವು ನೋಡುವುದು ಪಿಎಚ್‌ಡಿ ಸಿಕ್ಕ ತಾರೀಖನ್ನು. ಇದು ಗೊತ್ತಿಲ್ಲದೆ ಎಷ್ಟೋ ಜನ ಅರ್ಜಿಯನ್ನೇ ಹಾಕದೆ ಕೂತುಬಿಡುತ್ತಾರೆ. ಸಂಶೋಧನೆಗೆ ಹಣ ಕೊಡುವ ಕೇಂದ್ರದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನವರ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ 35 ವರ್ಷದ ಮಿತಿ. ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೂ ಅಷ್ಟೇ ಸಡಿಲಿಕೆ ಉಂಟು. ಅಂದರೆ ನಿಮಗೆ 40ರವರೆಗೆ ಬಾಗಿಲು ತೆರೆದಿದೆ. ಈ ಫೆಲೋಶಿಪ್ ಮೊದಲು ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಕೈಯಲ್ಲಿತ್ತು. 2023ರ ಕಾಯ್ದೆಯಿಂದ ಹೊಸ ಫೌಂಡೇಶನ್ ಬಂತು, ಎಸ್‌ಇಆರ್‌ಬಿ ಅದರೊಳಗೆ ಸೇರಿಹೋಯಿತು. ಹಳೆಯ ಹೆಸರಿನಲ್ಲಿ ಹುಡುಕುತ್ತಾ ಕೂರಬೇಡಿ. ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಕೊಡುವ ರಿಸರ್ಚ್ ಅಸೋಸಿಯೇಟ್‌ಶಿಪ್‌ಗೂ 35 ಮಿತಿ, ಮಹಿಳೆಯರಿಗೆ 5 ವರ್ಷ ಹೆಚ್ಚು. ಮದುವೆ, ಮಗು ಅಂತ ಕೆಲಸದಲ್ಲಿ ಬಿಡುವು ಬಿದ್ದ ಮಹಿಳೆಯರಿಗಾಗಿಯೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವೈಸ್-ಕಿರಣ್ ಯೋಜನೆ ನಡೆಸುತ್ತದೆ. ಅದರ ಕರೆ ಬಂದಾಗ ಬಿಡಬೇಡಿ.

ಹೊರದೇಶದ ಲೆಕ್ಕವೇ ಬೇರೆ. ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್‌ನಲ್ಲಿ ಪೋಸ್ಟ್‌ಡಾಕ್ ವಿಭಾಗಕ್ಕೆ ಪಿಎಚ್‌ಡಿ ಆಗಿ 4 ವರ್ಷದೊಳಗೆ ಇರಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂಗೂ 4 ವರ್ಷ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ಗೆ 6 ವರ್ಷ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ 8 ವರ್ಷ. ಹುಂಬೋಲ್ಟ್, ಮೇರಿ ಕ್ಯೂರಿ ಎರಡರಲ್ಲೂ ಮಗು ನೋಡಿಕೊಂಡ ಕಾಲಕ್ಕೆ ರಿಯಾಯಿತಿ ಕೇಳಬಹುದು. ನಿಮಗೆ ಈಗಾಗಲೇ ಎರಡು ವರ್ಷ ಕಳೆದಿದೆ. ಹಾಗಾಗಿ ಹೊರಗೆ ಹೋಗುವ ಮನಸ್ಸಿದ್ದರೆ 4 ವರ್ಷದ ಮಿತಿ ಇರುವವಕ್ಕೆ ಮೊದಲು ಸಿದ್ಧರಾಗಿ. 40ರ ಮಿತಿ ಇರುವವು ಕಾಯುತ್ತವೆ, ಇವು ಕಾಯುವುದಿಲ್ಲ.

ಇನ್ನು ಕಾಯಂ ಕೆಲಸದ ಮಾತು. ಇಲ್ಲಿ ನಿಮಗೆ ನೇರವಾಗಿ ಹೇಳಬೇಕು. ನಿಮ್ಮ ಮನಸ್ಸಿನಲ್ಲಿರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಹುದ್ದೆಯಾದರೆ, ಪೋಸ್ಟ್‌ಡಾಕ್ ಅದಕ್ಕೆ ದಾರಿಯಲ್ಲ. ಹಿಂದಿನ ಸಲ 1,242 ಹುದ್ದೆಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) 2022ರಲ್ಲಿ ಪರೀಕ್ಷೆ ನಡೆಸಿತು. ಅಲ್ಲಿ ಮುಖ್ಯವಾಗಿದ್ದು ಲಿಖಿತ ಪರೀಕ್ಷೆಯ ಅಂಕ. ನೀವು ಹಗಲೆಲ್ಲ ಲ್ಯಾಬ್‌ನಲ್ಲಿ ನಿಂತು ಸಂಜೆ ಸುಸ್ತಾಗಿ ಮನೆಗೆ ಬಂದರೆ ಆ ಪರೀಕ್ಷೆಗೆ ಓದುವುದು ಯಾವಾಗ? ಅದೇ ಗುರಿ ಅಂತಾದರೆ ಪುಸ್ತಕ ಹಿಡಿದು ಕೂರುವುದೇ ಸರಿ. ಅದರಲ್ಲಿ ಕೀಳಾದದ್ದು ಏನೂ ಇಲ್ಲ. ಹಳ್ಳಿ ಮಕ್ಕಳಿಗೆ ಚೆನ್ನಾಗಿ ಪಾಠ ಹೇಳುವ ಪಿಎಚ್‌ಡಿ ಆದ ಮೇಷ್ಟ್ರು ನಮ್ಮ ಡಿಗ್ರಿ ಕಾಲೇಜುಗಳಿಗೆ ತುಂಬಾ ಬೇಕು.

ಯೂನಿವರ್ಸಿಟಿ ಹುದ್ದೆಯಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ಒಂದು ಅಂಕಪಟ್ಟಿ ಇದೆ. ಅದರಲ್ಲಿ ಪಿಎಚ್‌ಡಿಗೆ 30 ಅಂಕ. ಒಂದು ಪೇಪರ್‌ಗೆ 2 ಅಂಕದಂತೆ ಹೆಚ್ಚೆಂದರೆ 10. ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕದಂತೆ ಹೆಚ್ಚೆಂದರೆ 10. ಇದನ್ನು ಗಮನಿಸಿ ನೋಡಿ. ಪಾಠ ಮಾಡಿದ್ದೂ ಪೋಸ್ಟ್‌ಡಾಕ್ ಮಾಡಿದ್ದೂ ಆ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿವೆ. ಅಂಕಕ್ಕೋಸ್ಕರ ಮಾತ್ರ ಪೋಸ್ಟ್‌ಡಾಕ್‌ಗೆ ಹೋದರೆ ಪಾಠ ಮಾಡುವುದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಆದರೆ ಆ ಪಟ್ಟಿಯ ಕೆಲಸ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ. ಒಳ್ಳೆಯ ಪೋಸ್ಟ್‌ಡಾಕ್ ಮಾಡಿದವರು ಎದ್ದು ಕಾಣುವುದು ಅಲ್ಲಿ. ನಾನು ಆಯ್ಕೆ ಸಮಿತಿಗಳಲ್ಲಿ ಕೂತು ಕಂಡಿದ್ದು ಇದನ್ನೇ. 'ನಿಮಗೆ ಕೆಲಸ ಕೊಟ್ಟರೆ ಮುಂದಿನ ಐದು ವರ್ಷ ಯಾವ ಪ್ರಶ್ನೆ ಹಿಡಿದು ಕೆಲಸ ಮಾಡುತ್ತೀರಿ?' ಅಂತ ಕೇಳಿದರೆ ಎಷ್ಟೋ ಜನ ತಮ್ಮ ಪಿಎಚ್‌ಡಿಯನ್ನೇ ಮತ್ತೆ ಹೇಳಲು ಶುರು ಮಾಡುತ್ತಾರೆ. ಗೈಡ್ ಕೊಟ್ಟ ಪ್ರಶ್ನೆ ಬಿಟ್ಟು ತನ್ನದೇ ಒಂದು ಪ್ರಶ್ನೆ ಇರುವವರು ಬೇಗ ಗೊತ್ತಾಗುತ್ತಾರೆ. ಸಿಎಸ್‌ಐಆರ್, ವೈದ್ಯಕೀಯ ಸಂಶೋಧನೆಯ ಐಸಿಎಂಆರ್‌ನಂಥ ಕಡೆ ವಿಜ್ಞಾನಿ ಹುದ್ದೆ ಬೇಕಾದರಂತೂ ಈ ಅನುಭವ ಬಹಳ ಕೆಲಸಕ್ಕೆ ಬರುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಪೋಸ್ಟ್‌ಡಾಕ್ ಅಂದರೆ ನಿಮ್ಮದೇ ಆದ ಒಂದು ಪ್ರಶ್ನೆಯನ್ನು ಬೆಳೆಸಿಕೊಳ್ಳುವ ಎರಡು ಮೂರು ವರ್ಷ. ಆ ಪ್ರಶ್ನೆಗೆ ಜಾಗ ಕೊಡುವ ಮನುಷ್ಯರನ್ನು ಮೊದಲು ಹುಡುಕಿ, ಪ್ರಕಟಣೆಯನ್ನು ಆಮೇಲೆ ನೋಡಿ. ಬೇರೆ ಕೆಲಸ ಸಿಗುವವರೆಗೆ ಇರಲಿ ಅಂತ ಸುಮ್ನೆ ಸೇರಿಕೊಂಡವರು ನಾಲ್ಕೈದು ವರ್ಷ ಕಳೆದ ಮೇಲೆ ಅಲ್ಲೇ ಇರುವುದನ್ನು ನೋಡಿ ನನಗೆ ಬೇಜಾರಾಗಿದೆ. ಅಷ್ಟರಲ್ಲಿ ವಯಸ್ಸಿನ ಮಿತಿಗಳು ದಾಟಿರುತ್ತವೆ.

ಇನ್ನು ಉತ್ತರ ಯಾಕೆ ಬರುತ್ತಿಲ್ಲ ಅನ್ನುವುದು. ಪೋಸ್ಟ್‌ಡಾಕ್‌ಗೆ ಹಣ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಪ್ರೊಫೆಸರ್ ಕೈಯಲ್ಲಿ ಪ್ರಾಜೆಕ್ಟ್ ಹಣ ಇರುತ್ತದೆ. ಅವರಿಗೆ ಒಂದು ನಿರ್ದಿಷ್ಟ ಕೆಲಸಕ್ಕೆ ಆಳು ಬೇಕು, ಪ್ರಕಟಣೆ ಹಾಕುತ್ತಾರೆ. ಎರಡು, ನೀವೇ ಫೆಲೋಶಿಪ್ ಗೆದ್ದು ಹಣ ತೆಗೆದುಕೊಂಡು ಅವರ ಲ್ಯಾಬ್‌ಗೆ ಹೋಗುತ್ತೀರಿ. ನಿಮ್ಮ ಪತ್ರ ನೋಡಿದರೆ ನೀವು ಮೊದಲನೆಯ ದಾರಿಯನ್ನು ಮಾತ್ರ ಹಿಡಿದಿದ್ದೀರಿ. ಅದು ಜಾಸ್ತಿ ನೂಕುನುಗ್ಗಲಿನ ದಾರಿ. ಪ್ರಾಜೆಕ್ಟ್ ಶುರುವಾಗಿ ಗಡಿಯಾರ ಓಡುತ್ತಿರುತ್ತದೆ. ಬಂದ ದಿನದಿಂದಲೇ ಆ ಯಂತ್ರ ನಡೆಸಬಲ್ಲವರು, ಆ ವಿಧಾನ ಗೊತ್ತಿರುವವರು ಅವರಿಗೆ ಬೇಕು. ಕಲಿತುಕೊಳ್ಳುತ್ತೇನೆ ಅನ್ನುವವರನ್ನು ಕಾಯುವ ವ್ಯವಧಾನ ಇರುವುದಿಲ್ಲ. ಪ್ರಕಟಣೆಯಲ್ಲಿ ಕಡ್ಡಾಯ ಅಂತ ಬರೆದ ಅರ್ಹತೆಗಳು, ಇದ್ದರೆ ಒಳ್ಳೆಯದು ಅಂತ ಬರೆದವು ಬೇರೆ ಬೇರೆ ಇರುತ್ತವೆ. ಮೊದಲನೆಯ ಗುಂಪಿನಲ್ಲಿ ಒಂದು ತಪ್ಪಿದರೂ ಅಲ್ಲಿಗೆ ಅರ್ಜಿ ಬೇಡ. ಎಲ್ಲವೂ ಇದ್ದರೆ ನಿಮ್ಮ ಕವರ್ ಲೆಟರ್‌ನಲ್ಲಿ ಅದೇ ಕ್ರಮದಲ್ಲಿ ಒಂದೊಂದಕ್ಕೂ ಒಂದು ಉದಾಹರಣೆ ಕೊಡಿ. ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಗೊತ್ತು ಅಂದರೆ ಸಾಲದು. ಯಾವ ಸಕ್ಕರೆಗಳನ್ನು ಅದರಲ್ಲಿ ಅಳೆದಿರಿ, ಯಾವ ಪೇಪರ್‌ನಲ್ಲಿ ಅದು ಬಂದಿದೆ ಅಂತ ಹೇಳಿ. ಇಂಗ್ಲೆಂಡಿನ ಯೂನಿವರ್ಸಿಟಿಗಳಲ್ಲಂತೂ ಹೀಗೆ ಒಂದೊಂದು ಅರ್ಹತೆಗೂ ತಾಳೆ ನೋಡಿಯೇ ಪಟ್ಟಿ ಮಾಡುತ್ತಾರೆ.

ಎರಡನೆಯ ದಾರಿ ನಿಧಾನದ್ದು, ಆದರೆ ನಿಮಗೆ ಅದೇ ಒಪ್ಪುತ್ತದೆ. ಇಲ್ಲಿ ಪ್ರಕಟಣೆಗೆ ಕಾಯುವ ಹಾಗಿಲ್ಲ. ನೀವೇ ಮೊದಲು ಬರೆಯಬೇಕು. ಇಂಥ ಪತ್ರಗಳು ನನಗೂ ರಾಶಿ ಬರುತ್ತಿದ್ದವು. ಹೆಚ್ಚಿನವು 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗುತ್ತಿದ್ದವು. ನಾನು ಹೆಂಗಸು ಅಂತ ನೋಡುವಷ್ಟೂ ಪುರುಸೊತ್ತು ಬರೆದವರಿಗೆ ಇರಲಿಲ್ಲ. ಒಂದೇ ಪತ್ರ ನೂರು ಜನಕ್ಕೆ ಹೋಗಿದೆ ಅಂತ ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ನಿಮ್ಮ ವಿಷಯದಲ್ಲೇ ಹೇಗೆ ಬರೆಯಬಹುದು ಅಂತ ಹೇಳುತ್ತೇನೆ. ಮೊದಲು ನಿಮ್ಮ ಕೆಲಸವನ್ನು ರಾಗಿಯಿಂದ ಸ್ವಲ್ಪ ಬಿಡಿಸಿ ನೋಡಿ. ನೆದರ್ಲೆಂಡ್ಸ್‌ನ ವಾಗನಿಂಗನ್ ಯೂನಿವರ್ಸಿಟಿಯಲ್ಲಿ ಅಥವಾ ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಕ್ವಾಡ್ರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಷ್ಟದ ಮೇಲೆ ಕೆಲಸ ಮಾಡುವವರಿಗೆ ರಾಗಿ ಮುದ್ದೆ ಗೊತ್ತಿರಬೇಕಾಗಿಲ್ಲ. ಆದರೆ ಧಾನ್ಯದ ಪಿಷ್ಟ ನಿಧಾನವಾಗಿ ಜೀರ್ಣವಾದರೆ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ ಅನ್ನುವುದು ಅವರಿಗೂ ಮುಖ್ಯ ಪ್ರಶ್ನೆ. ರಾಗಿಯ ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಅನ್ನುವ ರಾಸಾಯನಿಕಗಳು ಪಿಷ್ಟ ಒಡೆಯುವ ಕಿಣ್ವಗಳನ್ನು ತಡೆಯುತ್ತವೆ. ಮೊಳಕೆ ಬರಿಸಿದಾಗ ಕಾಳಿನೊಳಗಿನ ಅಮೈಲೇಸ್ ಕಿಣ್ವ ಎಚ್ಚೆತ್ತು ಪಿಷ್ಟವನ್ನೇ ಒಡೆಯಲು ಶುರು ಮಾಡುತ್ತದೆ. ಒಂದೇ ಕಾಳಿನಲ್ಲಿ ಎರಡು ವಿರುದ್ಧ ಕೆಲಸ. ಯಾವ ಹಂತದಲ್ಲಿ ಮೊಳಕೆ ನಿಲ್ಲಿಸಿದರೆ ಯಾವುದು ಗೆಲ್ಲುತ್ತದೆ? ನಿಮ್ಮ ಪ್ರಬಂಧದಲ್ಲಿ ಇದರ ಅರ್ಧ ಉತ್ತರ ಈಗಾಗಲೇ ಇದೆ ಅಲ್ವಾ? ಉಳಿದರ್ಧವೇ ನಿಮ್ಮ ಪೋಸ್ಟ್‌ಡಾಕ್ ಪ್ರಶ್ನೆ ಆಗಬಹುದು.

ಇನ್ನೊಂದು ಮಾತು. ನಿಮ್ಮ ಜೀರ್ಣಕ್ರಿಯೆ ಪ್ರಯೋಗಗಳನ್ನು ಯಾವ ವಿಧಾನದಲ್ಲಿ ಮಾಡಿದಿರಿ ಅಂತ ನೀವು ಬರೆದಿಲ್ಲ. ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ 2014ರಲ್ಲಿ ಇನ್ಫೋಜೆಸ್ಟ್ ಅನ್ನುವ ಒಂದು ಸಮಾನ ವಿಧಾನ ಪ್ರಕಟಿಸಿದರು. ಬಾಯಿ, ಹೊಟ್ಟೆ, ಸಣ್ಣ ಕರುಳು ಮೂರನ್ನೂ ಗಾಜಿನ ಪಾತ್ರೆಯಲ್ಲಿ ಅನುಕರಿಸುವ ವಿಧಾನ ಅದು. ಯುರೋಪಿನ ಲ್ಯಾಬ್‌ಗಳಲ್ಲಿ ಈಗ ಅದೇ ರೂಢಿ. ನೀವು ಅದನ್ನು ಬಳಸಿದ್ದರೆ ಪತ್ರದ ಎರಡನೆಯ ಸಾಲಿನಲ್ಲೇ ಹೇಳಿ. ಬಳಸಿಲ್ಲದಿದ್ದರೆ ಈಗಲೇ ಓದಿಕೊಳ್ಳಿ.

ಪತ್ರ ಒಂದು ಪುಟ ದಾಟಬಾರದು. ಅವರ ಯಾವ ಪೇಪರ್ ಓದಿದಿರಿ, ಅದರಲ್ಲಿ ಯಾವ ಚಿತ್ರ ಅಥವಾ ಯಾವ ಫಲಿತಾಂಶ ನಿಮ್ಮನ್ನು ಯೋಚನೆಗೆ ಹಚ್ಚಿತು, ನಿಮ್ಮ ಕೈಯಲ್ಲಿ ಅದಕ್ಕೆ ಸೇರುವ ಯಾವ ಮಾಹಿತಿ ಇದೆ, ಇಂಥ ಫೆಲೋಶಿಪ್‌ಗೆ ಇಂಥ ತಿಂಗಳಲ್ಲಿ ಅರ್ಜಿ ಹಾಕಬೇಕೆಂದಿದ್ದೇನೆ, ನನ್ನ ಮೆಂಟರ್ ಆಗುವಿರಾ ಎಂದು ಕೇಳಿ. ಮೇರಿ ಕ್ಯೂರಿ ಕರೆಯ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಅದಕ್ಕೆ ಬರೆಯುವುದಾದರೆ ಯುಗಾದಿ ಹೊತ್ತಿಗೇ ಮೆಂಟರ್ ಒಪ್ಪಿರಬೇಕು. ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಎಲ್ಲರೂ ರಜೆಯಲ್ಲಿರುತ್ತಾರೆ, ಆಗ ಬರೆದರೆ ಉತ್ತರ ಬರುವುದಿಲ್ಲ. ಎರಡು ವಾರ ಕಾದು ಒಂದು ಸಲ ನೆನಪಿಸಿ. ಆಮೇಲೂ ಉತ್ತರ ಬರದಿದ್ದರೆ ಮುಂದಿನವರಿಗೆ ಬರೆಯಿರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೈಸೂರಿನಲ್ಲೇ ಮಾಡಬಹುದಾ ಅಂದಿರಿ. ನಿಮ್ಮ ವಿಷಯಕ್ಕೆ ಮೈಸೂರಿನಂಥ ಊರು ದೇಶದಲ್ಲೇ ಕಡಿಮೆ. ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ನಡೆಯುತ್ತಿದೆ. ಧಾನ್ಯಗಳ ಮೇಲೆ, ರಾಗಿ ಮಾಲ್ಟ್ ಮೇಲೆ ಅಲ್ಲಿ ದಶಕಗಳ ಕೆಲಸ ಆಗಿದೆ. ಮಂಡ್ಯದಿಂದ ರೈಲಿನಲ್ಲಿ ಬಂದರೆ ಮೈಸೂರು ಸ್ಟೇಷನ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ದಿನಾ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ. ಸೈನಿಕರ ಆಹಾರದ ಮೇಲೆ ಕೆಲಸ ಮಾಡುವ ಡಿಎಫ್‌ಆರ್‌ಎಲ್ (ಈಗಿನ ಹೆಸರು ಡಿಐಬಿಟಿ) ಇದೆ. ಅದು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಲ್ಯಾಬ್, ಅಲ್ಲೂ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಕರೆಯುತ್ತಾರೆ.

ನಿಮ್ಮ ಊರ ಪಕ್ಕದಲ್ಲೇ ಇರುವ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅನ್ನು ಮರೆಯಬೇಡಿ. ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕಾದ ತಳಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನು ತೆಗೆದದ್ದು ಅಲ್ಲೇ. ಒಂದೊಂದು ತಳಿಯ ಕಾಳೂ ಮೊಳಕೆಯಲ್ಲಿ ಬೇರೆ ಬೇರೆ ತರಹ ನಡೆದುಕೊಳ್ಳುತ್ತದೆ. ತಳಿ ಬೆಳೆಸುವವರ ಜೊತೆ ಸೇರಿ ಆಹಾರ ವಿಜ್ಞಾನದವರು ಕೆಲಸ ಮಾಡುವುದು ಕಡಿಮೆ. ಮೆಂಟರ್ ಸಿಎಫ್‌ಟಿಆರ್‌ಐನಲ್ಲಿ, ಕಾಳು ವಿ.ಸಿ. ಫಾರಂನಿಂದ, ಪ್ರಶ್ನೆ ನಿಮ್ಮದು. ಇಂಥ ಪ್ರಸ್ತಾವನೆಯನ್ನು ನಾನು ಪರಿಶೀಲಿಸುವ ಜಾಗದಲ್ಲಿದ್ದರೆ ಖುಷಿಯಿಂದ ಓದುತ್ತೇನೆ.

ಮಾನಸಗಂಗೋತ್ರಿಗೇ ವಾಪಸ್ ಹೋಗುವುದು ಮಾತ್ರ ಬೇಡ. ಅಲ್ಲಿ ಕೆಲಸ ಚೆನ್ನಾಗಿಲ್ಲ ಅಂತಲ್ಲ. ಅದೇ ಗೈಡ್, ಅದೇ ಲ್ಯಾಬ್, ಅದೇ ವಿಷಯದಲ್ಲಿ ಇನ್ನೆರಡು ವರ್ಷ ಇದ್ದರೆ ಹೊರಗಿನವರ ಕಣ್ಣಿಗೆ ಅದು ಪಿಎಚ್‌ಡಿಯೇ ಮುಂದುವರಿದ ಹಾಗೆ ಕಾಣುತ್ತದೆ. ಊರು ಬದಲಾಗದಿದ್ದರೂ ಪರವಾಗಿಲ್ಲ, ಲ್ಯಾಬ್ ಬದಲಾಗಲಿ. ಮನೆಯಿಂದ ಸ್ವಲ್ಪ ದೂರ ಆಗಬಹುದು ಅಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಲ್ಲೇ ಇರುವ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ತಂಜಾವೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ನಿಫ್ಟೆಮ್ ಇವೆ.

ಹಣದ ವಿಷಯ. 2023ರಲ್ಲಿ ಕೇಂದ್ರ ಸರ್ಕಾರ ದರ ಏರಿಸಿತು. ರಿಸರ್ಚ್ ಅಸೋಸಿಯೇಟ್ ಮೊದಲ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಆ ಭತ್ಯೆ ಸಂಸ್ಥೆ ಇರುವ ಊರಿನ ಮೇಲೆ ಹೋಗುತ್ತದೆ. ಆ ಲೆಕ್ಕದಲ್ಲಿ ಮೈಸೂರು ವೈ ವರ್ಗದ, ಅಂದರೆ ಮಧ್ಯಮ ದರದ ನಗರ. ಆದರೆ ಪ್ರಕಟಣೆಯ ಹುದ್ದೆಯ ಹೆಸರನ್ನು ಎಚ್ಚರಿಕೆಯಿಂದ ಓದಿ. ಪಿಎಚ್‌ಡಿ ಆದವರನ್ನೇ ಕರೆದು ಸೀನಿಯರ್ ಪ್ರಾಜೆಕ್ಟ್ ಅಸೋಸಿಯೇಟ್ ಅಂತ ಹೆಸರಿಟ್ಟರೆ ದರ ಬೇರೆ. ಅದಕ್ಕೆ ನಿಗದಿಯಾಗಿದ್ದು 42,000. ಕೆಲಸ ಎರಡೂ ಕಡೆ ಒಂದೇ ತರಹ ಇರಬಹುದು. ಪ್ರಾಜೆಕ್ಟ್ ಮುಗಿದ ದಿನ ಈ ಹುದ್ದೆಗಳೂ ಮುಗಿಯುತ್ತವೆ. ಎರಡು ವರ್ಷ ಉಳಿದಿದೆಯೋ ಆರು ತಿಂಗಳು ಉಳಿದಿದೆಯೋ ಕೇಳದೆ ಸೇರಬೇಡಿ. ಹಾಗೇ ಇಲ್ಲಿನ ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುವುದುಂಟು. ಅತಿಥಿ ಉಪನ್ಯಾಸಕಿ ಕೆಲಸ ಬಿಡುವ ಮುಂಚೆ ನಾಲ್ಕೈದು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಳ್ಳಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ಸಾಲ ಮಾಡಬೇಕಾಗುತ್ತದೆ.

ಹೊರದೇಶಕ್ಕೆ ಹೋಗಲೇಬೇಕಾ? ಬೇಕೇ ಬೇಕು ಅಂತಿಲ್ಲ. ಹೋದರೆ ಹೊಸ ಯಂತ್ರ, ಹೊಸ ವಿಧಾನ, ಮುಂದೆ ಒಟ್ಟಿಗೆ ಪ್ರಾಜೆಕ್ಟ್ ಬರೆಯುವ ಸ್ನೇಹಿತರು ಸಿಗುತ್ತಾರೆ. ವಾಪಸ್ ಬರುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್ ಅಂತ ಬೇರೆಯೇ ದಾರಿಗಳಿವೆ, ಅವು ಇಲ್ಲೇ ಇದ್ದವರಿಗೆ ಸಿಗುವುದಿಲ್ಲ. ಆದರೆ ನಿಮಗೆ ಮೂರು ವರ್ಷದ ಮಗು. ಗಂಡ, ಮಗು ಜೊತೆಗೆ ಬರುವುದಾದರೆ ಮೇರಿ ಕ್ಯೂರಿಯಲ್ಲಿ ಕುಟುಂಬ ಭತ್ಯೆ ಬೇರೆಯಾಗಿ ಕೊಡುತ್ತಾರೆ. ಆ ಫೆಲೋಶಿಪ್‌ಗೇ ಒಂದು ಷರತ್ತು ಇದೆ. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೀವು ಹೋಗುವ ದೇಶದಲ್ಲಿ ಇದ್ದಿರಬಾರದು. ನಿಮಗೆ ಅದು ತೊಡಕಲ್ಲ. ಅಮೆರಿಕಕ್ಕೆ ಪೋಸ್ಟ್‌ಡಾಕ್‌ಗಳು ಹೆಚ್ಚಾಗಿ ಹೋಗುವುದು ಜೆ-1 ವೀಸಾದಲ್ಲಿ. ಗಂಡನಿಗೆ ಜೊತೆಗೆ ಹೋಗುವವರ ಜೆ-2 ವೀಸಾ ಸಿಕ್ಕರೆ ಅಲ್ಲಿ ಅನುಮತಿ ಪಡೆದು ಕೆಲಸ ಮಾಡಬಹುದು. ಫುಲ್‌ಬ್ರೈಟ್‌ನಲ್ಲಿ ಹೋದರೆ ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿ ಇರಬೇಕೆಂಬ ನಿಯಮ ಇದೆ. ನಿಮಗೆ ಹೇಗೂ ವಾಪಸ್ ಬರುವ ಮನಸ್ಸು ಅಂದುಕೊಂಡಿದ್ದೇನೆ. ಒಬ್ಬರೇ ಹೋಗಿ ಮಗುವನ್ನು ಮಂಡ್ಯದಲ್ಲಿ ಬಿಡುವುದು ಸರಿಯೋ ತಪ್ಪೋ ಅಂತ ಹೇಳುವುದು ನನ್ನ ಕೆಲಸವಲ್ಲ. ಹಾಗೆ ಹೋಗಿ ಗೆದ್ದವರನ್ನೂ ನೋಡಿದ್ದೇನೆ, ಅರ್ಧಕ್ಕೇ ಬಂದವರನ್ನೂ ನೋಡಿದ್ದೇನೆ. ಅರ್ಧಕ್ಕೆ ಬಂದವರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ.

ಎಲ್ಲಿಗೇ ಹೋದರೂ, ಹೆಣ್ಣು ಕೊಡುವ ಮುಂಚೆ ಮನೆತನ ವಿಚಾರಿಸುವ ಹಾಗೆ ಲ್ಯಾಬ್ ವಿಚಾರಿಸಿ. ಸಂದರ್ಶನದಲ್ಲಿ ಅವರು ಮಾತ್ರ ಕೇಳುವುದಲ್ಲ, ನೀವೂ ಕೇಳಬೇಕು. ಹಿಂದೆ ಇಲ್ಲಿದ್ದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು ಅಂತ ಹೇಗೆ ತೀರ್ಮಾನಿಸುತ್ತೀರಿ? ಹೋಗುವಾಗ ಈ ಪ್ರಶ್ನೆಯ ಒಂದು ಭಾಗವನ್ನು ನಾನು ಜೊತೆಗೆ ಒಯ್ಯಬಹುದಾ? ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಪ್ರೊಫೆಸರ್ ತಡವರಿಸಿದರೆ ಯೋಚನೆ ಮಾಡಿ. ಆಗ ನಿಮ್ಮದೇ ಪ್ರಶ್ನೆ ಬೆಳೆಸಿಕೊಳ್ಳುವ ಆಸೆ ಅಲ್ಲಿ ಈಡೇರುವುದು ಕಷ್ಟ. ಈಗ ಅಲ್ಲಿರುವ ವಿದ್ಯಾರ್ಥಿಗಳ ಜೊತೆ ಪ್ರೊಫೆಸರ್ ಇಲ್ಲದಾಗ ಮಾತಾಡಲು ಅವಕಾಶ ಕೇಳಿ. ಒಳ್ಳೆಯ ಲ್ಯಾಬ್‌ನವರು ಸಂತೋಷದಿಂದ ಒಪ್ಪುತ್ತಾರೆ.

ನಿಮ್ಮ ಮೂರು ಪೇಪರ್‌ಗಳ ಬಗ್ಗೆಯೂ ಒಂದು ಮಾತು. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯಲ್ಲಿದೆ ಅನ್ನುವ ಕಾರಣಕ್ಕೆ ಯಾವುದಾದರೂ ಜರ್ನಲ್‌ಗೆ ಕಳಿಸಿದ್ದರೆ, ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. ಈಗ ಜರ್ನಲ್ ಗುಣಮಟ್ಟ ನೋಡುವುದು ಸಂಸ್ಥೆಗಳ ಹೊಣೆ. ಮೂರರಲ್ಲಿ ಯಾವುದು ಗಟ್ಟಿ ಅಂತ ನಿಮಗೆ ಗೊತ್ತು, ಅದನ್ನೇ ಮುಂದೆ ಇಡಿ. ಪ್ರಬಂಧದಲ್ಲಿ ಇನ್ನೂ ಪ್ರಕಟವಾಗದ ಅಧ್ಯಾಯ ಇದ್ದರೆ ಪೋಸ್ಟ್‌ಡಾಕ್ ಶುರುವಾಗುವ ಮುಂಚೆ ಕಳಿಸಿಬಿಡಿ. ಹೊಸ ಲ್ಯಾಬ್‌ಗೆ ಹೋದ ಮೇಲೆ ಹಳೆಯದಕ್ಕೆ ಸಮಯ ಸಿಗುವುದಿಲ್ಲ. ಇನ್ನು, ವೀಸಾ ಶುಲ್ಕ, ಆಫರ್ ಲೆಟರ್ ಶುಲ್ಕ ಅಂತ ಹಣ ಕೇಳಿ ಬರುವ ಪತ್ರಗಳು ಮೋಸದವು. ಕೆಲಸ ಕೊಡಲು ಯಾವ ಯೂನಿವರ್ಸಿಟಿಯೂ ಹಣ ಕೇಳುವುದಿಲ್ಲ.

ಕಾಗದಪತ್ರದ ವಿಷಯಕ್ಕೆ ಬಂದರೆ, ಹಿಂದುಳಿದ ವರ್ಗದ ಸಡಿಲಿಕೆ ಬಳಸುವವರು ರಾಜ್ಯದ 2ಎ, 3ಎ ಪ್ರಮಾಣಪತ್ರ ಹಿಡಿದು ಕೇಂದ್ರದ ಅರ್ಜಿ ಹಾಕುತ್ತಾರೆ. ಅದು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆಯೂ ಬೇರೆ. ನಿಮಗೆ ಮಹಿಳೆ ಅಂತಲೇ ಸಡಿಲಿಕೆ ಇರುವುದರಿಂದ ವಯಸ್ಸಿಗೆ ಅದು ಬೇಕಾಗಲಿಕ್ಕಿಲ್ಲ. ಆದರೂ ಅನ್ವಯಿಸುವುದಾದರೆ ತಾಲ್ಲೂಕು ಕಚೇರಿಯಲ್ಲಿ ಈಗಲೇ ಅರ್ಜಿ ಕೊಟ್ಟಿಡಿ. ಶಿಫಾರಸು ಪತ್ರಕ್ಕೆ ಗೈಡ್ ಒಬ್ಬರೇ ಸಾಲದು. ನಿಮ್ಮ ಬೆಂಚ್ ಕೆಲಸ ಕಣ್ಣಾರೆ ಕಂಡ ಇನ್ನೊಬ್ಬರು, ನಿಮ್ಮ ಪ್ರಬಂಧ ಓದಿ ಪ್ರಶ್ನೆ ಕೇಳಿದ ಹೊರಗಿನ ಪರೀಕ್ಷಕರು ಒಬ್ಬರು ಇದ್ದರೆ ಒಳ್ಳೆಯದು. ಅವರಿಗೆ ಬರೆಯುವಾಗ ನಿಮ್ಮ ಸಿ.ವಿ. ಜೊತೆ ನಿಮ್ಮ ಎರಡು ಪುಟದ ಪ್ರಸ್ತಾವನೆಯನ್ನೂ ಕಳಿಸಿ. ಇಲ್ಲದಿದ್ದರೆ ಒಳ್ಳೆಯ ಹುಡುಗಿ, ಶ್ರಮಜೀವಿ ಅನ್ನುವ ಎರಡು ಸಾಲು ಬರೆದು ಮುಗಿಸುತ್ತಾರೆ, ಅದರಿಂದ ಉಪಯೋಗವಿಲ್ಲ.

ಆ ಎರಡು ಪುಟವನ್ನು ಈ ತಿಂಗಳೇ ಶುರು ಮಾಡಿ. ನಿಮ್ಮ ಕಾಲೇಜಿನಲ್ಲೇ ಭೌತಶಾಸ್ತ್ರ ಅಥವಾ ಅರ್ಥಶಾಸ್ತ್ರ ಪಾಠ ಮಾಡುವ ಒಬ್ಬರಿಗೆ ಓದಲು ಕೊಡಿ. ಮೊದಲ ಪ್ಯಾರಾ ಓದಿ 'ಹಾಗಾದರೆ ಮೊಳಕೆ ಎಷ್ಟು ಗಂಟೆಗೆ ನಿಲ್ಲಿಸಬೇಕು?' ಅಂತ ಅವರೇ ಕೇಳಿದರೆ ಪ್ರಸ್ತಾವನೆ ಕಳಿಸಬಹುದು. ಕೇಳದಿದ್ದರೆ ಆ ಪ್ಯಾರಾ ಮತ್ತೆ ಬರೆಯಿರಿ.